ರೇಖೆಯೂ ಮಾತೂ: ಸೋದೆಯ ಸೀಮೆಯನ್ನು ಕುರಿತು ನಕಾಶೆಯ ಇತಿಹಾಸವಿಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಘಟ್ಟದ ಮೇಲಣ ತಾಲ್ಲೂಕುಗಳ ಭೂಮಿಯು ಅಳೆಯುವವನಿಗೆ ಸುಲಭವಾಗಿ ವಶವಾಗತಕ್ಕದ್ದಲ್ಲ. ಸೋದೆಯ ಅರಸರು ಆಳಿದ, ಸ್ವರ್ಣವಲ್ಲೀ ಮಠವು ನೆಲಸಿರುವ ಈ ಪ್ರದೇಶದಲ್ಲಿ ಕಣಿವೆಯ ತಳಕ್ಕೆ ಅಡಕೆಯ ತೋಟ, ಅದರ ಮೇಲಣ ಇಳಿಜಾರಿಗೆ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಡುವ ಪದ್ಧತಿಯು ಇಲ್ಲಿ ಪ್ರಸಿದ್ಧವಾದುದು. ತೋಟದ ಗೊಬ್ಬರಕ್ಕೆ ಬೇಕಾದ ಸೊಪ್ಪು ಬೆಟ್ಟದಿಂದಲೇ ಬರಬೇಕು. ಆದರೆ ಬೆಟ್ಟವು ಎಲ್ಲಿ ಮುಗಿದು ಕಾಡು ಎಲ್ಲಿ ಮೊದಲಾಗುವುದೆಂಬುದು ಕಣ್ಣಿಗೆ ತೋರುವುದಿಲ್ಲ. ಆದುದರಿಂದ ಎಲ್ಲೆಯನ್ನು ತೋರಿಸುವ ನಕಾಶೆಯು ಇಲ್ಲಿ ಜೀವನಾಧಾರಕ್ಕೆ ಸಂಬಂಧಪಟ್ಟ ವಸ್ತು. ಆ ನಕಾಶೆಯ ಪ್ರಾಮಾಣ್ಯವು ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕನ್ನಡನಾಡಿನಲ್ಲಿ ಎಲ್ಲೆಯು ಮೊದಲು ಮಾತಿನಲ್ಲಿ ಬರೆಯಲ್ಪಟ್ಟಿತು. ದಾನಶಾಸನಗಳಲ್ಲಿ ಭೂಮಿಯ ಚತುಸ್ಸೀಮೆಯನ್ನು ಮೂಡಣಕ್ಕೆ ನಟ್ಟ ಕಲ್ಲು, ತೆಂಕಣಕ್ಕೆ ಕೆರೆಯ ಕೋಡಿ, ಪಡುವಣಕ್ಕೆ ಹಳ್ಳ ಎಂಬ ಪರಿಯಲ್ಲಿ ಹೇಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಮತ್ತರು, ಕಮ್ಮ ಎಂಬ ಪರಿಮಾಣಗಳನ್ನೂ ಅಳೆದ ಗಳೆಯ ಹೆಸರನ್ನೂ ಶಾಸನಗಳು ಹೇಳುತ್ತವೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದ ಸೀಮಾವಿವಾದಪ್ರಕರಣವು ಇದಕ್ಕೆ ಸಮೀಪವಾದುದು. ಆಲ, ಅಶ್ವತ್ಥ, ಮುತ್ತುಗ ಮೊದಲಾದ ಮರಗಳನ್ನು ಎಲ್ಲೆಗೆ ಪ್ರಕಟಚಿಹ್ನಗಳನ್ನಾಗಿಯೂ, ನೆಲದೊಳಗೆ ಹೂಳಿದ ಮೂಳೆ, ಹೊಟ್ಟು, ಬೂದಿ, ಇದ್ದಲು, ಇಟ್ಟಿಗೆಗಳನ್ನು ಗುಪ್ತಚಿಹ್ನಗಳನ್ನಾಗಿಯೂ ಇಡಬೇಕೆಂದು ಅಲ್ಲಿ ವಿಧಿಸಿದೆ. ಚಿಹ್ನದಿಂದ ಸಂದೇಹವು ತೀರದಿದ್ದಲ್ಲಿ ಸಾಕ್ಷಿಗಳ ಮಾತೇ ನಿರ್ಣಾಯಕ.

ರೇಖಾಗಣಿತದ ಜ್ಞಾನವು ಆಗ ಇರಲಿಲ್ಲವೆಂದು ಇದರಿಂದ ಊಹಿಸಬಾರದು. ಸಮನೆಲದಲ್ಲಿ ಶಂಕುವನ್ನು ನೆಟ್ಟು, ಅದರ ಸುತ್ತಲೂ ವೃತ್ತವನ್ನೆಳೆದು, ಪೂರ್ವಾಹ್ನ ಅಪರಾಹ್ನಗಳಲ್ಲಿ ನೆರಳಿನ ತುದಿಯು ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಕೂಡಿಸಿದರೆ ಪೂರ್ವಪಶ್ಚಿಮರೇಖೆಯು ಸಿದ್ಧಿಸುತ್ತದೆ. ಈ ಕ್ರಮವು ಶುಲ್ಬಸೂತ್ರಗಳ ಕಾಲದ್ದು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಅದೇ ಶತಮಾನದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಕ್ಷೇತ್ರವ್ಯವಹಾರಕ್ಕೆ ಪ್ರತ್ಯೇಕ ಪ್ರಕರಣವೇ ಉಂಟು. ತ್ರಿಭುಜದ ಭೂಮಿಯನ್ನು ಲಂಬದಿಂದ ಗುಣಿಸಿ ಅರ್ಧಿಸುವ ಸೂತ್ರವು ಪಾಠಶಾಲೆಯ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿದ್ದಿತು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ನಕಾಶೆಯ ಕಾರ್ಯವು ಹೊಸ ಮಾರ್ಗವನ್ನು ಹಿಡಿಯಿತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬವನು ಬೆಂಗಳೂರಿನ ಸಮೀಪದಲ್ಲಿ ನೂರು ಅಡಿಯ ಉಕ್ಕಿನ ಸರಪಣಿಯಿಂದ ಆಧಾರರೇಖೆಯನ್ನು ಅಳೆದನು. ಅದೇ ವರ್ಷ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಪ್ರಾರಂಭಿಸಿದನು. ಫ್ರಾನ್ಸಿಸ್ ಬುಕಾನನ್ ಎಂಬವನು ಸೋದೆಯ ಮಾರ್ಗವಾಗಿ ಸಂಚರಿಸಿದ್ದು 1801ರಲ್ಲಿ; ಆತನ ಪ್ರವಾಸವರದಿಯು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಬುಕಾನನನು ನೆಲವನ್ನು ಕುರಿತು ಬರೆದನು. ಲ್ಯಾಂಬ್ಟನ್ ಅದನ್ನು ರೇಖೆಗೆ ತಂದನು. ಮೆಕೆಂಜಿಯಾದರೋ ಎರಡನ್ನೂ ಜೊತೆಯಾಗಿ ನಡೆಸಿದನು. ಮೋಜಣಿಯ ಜನರು ಕೋನಮಾಪಕ, ಅಳತೆಚಕ್ರಗಳನ್ನು ಹಿಡಿದು ನಡೆದರೆ, ಕಾವಲಿ ವೆಂಕಟಬೋರಯ್ಯನೂ, ಆತನು 1803ರಲ್ಲಿ ತೀರಿಕೊಂಡ ತರುವಾಯ ತಮ್ಮನಾದ ಲಕ್ಷ್ಮಯ್ಯನೂ ಊರೂರಿನ ಶಾನುಭೋಗರಿಂದಲೂ ವೃದ್ಧರಿಂದಲೂ ಕೈಫಿಯತ್ತುಗಳನ್ನು ಸಂಗ್ರಹಿಸಿದರು. ಇಂದು ಇತಿಹಾಸಜ್ಞರು ಆದರಿಸುವ ಕೈಫಿಯತ್ತುಗಳು ನಕಾಶೆಯ ಜೊತೆಗೆ ಹುಟ್ಟಿದವು ಎಂಬುದನ್ನು ಮರೆಯಲಾಗದು.

ಘಟ್ಟದ ಮೇಲಣ ಈ ಸೀಮೆಯು 1799ರಲ್ಲಿ ಕಂಪೆನಿಯ ವಶವಾಗಿ, ಮದರಾಸು ಪ್ರಾಂತಕ್ಕೆ ಸೇರಿದ್ದು, 1862ರಲ್ಲಿ ಉತ್ತರ ಕನ್ನಡದೊಡನೆ ಮುಂಬಯಿ ಪ್ರಾಂತಕ್ಕೆ ಹೋಯಿತು. ಆ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬವರು 1847ರಲ್ಲಿ ಸಿದ್ಧಪಡಿಸಿದ ಸಂಯುಕ್ತ ವರದಿಯ ಪ್ರಕಾರ ಕಂದಾಯದ ಮೋಜಣಿಯು ನಡೆಯುತ್ತಿದ್ದಿತು. ಅದರ ಸರಪಣಿಯು 33 ಅಡಿ. ಅದಕ್ಕೆ ಹದಿನಾರು ಆಣೆಯ ಭಾಗಗಳು. ಒಂದು ಸರಪಣಿಯ ಚೌಕವೇ ಗುಂಟೆ, ಅಂದರೆ 1089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಹೊಲದ ನಡುವೆ ಭೂರೇಖೆಯನ್ನು ಹಿಡಿದು, ಮೂಲೆಮೂಲೆಯಿಂದ ಅದಕ್ಕೆ ಲಂಬಗಳನ್ನಿಳಿಸಿ, ಅಂಕೆಗಳನ್ನು ಟಿಪ್ಪಣಿಯಲ್ಲಿ ಗುರುತಿಸಿಕೊಳ್ಳುವುದು ಮೋಜಣಿದಾರನ ಕ್ರಮ. ಕ್ಷೇತ್ರಫಲವು ಲೀಲಾವತಿಯ ಸೂತ್ರದಿಂದಲೇ ಲಭಿಸುತ್ತದೆ. ಟಿಪ್ಪಣಿಗಳನ್ನು ಕೂಡಿಸಿ ಕೈಯಿಂದ ಬರೆದುದು ಗ್ರಾಮನಕಾಶೆ. ಅದರ ಮಾನವು ಮೈಲಿಗೆ ಎಂಟು ಅಂಗುಲ.

ಇಲ್ಲಿ ಒಂದು ಗಣಿತವನ್ನು ಪರಾಮರ್ಶಿಸಬೇಕು. ಈ ಮಾನದಲ್ಲಿ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ. ಲೇಖನಿಯ ಗೆರೆಯು ಅಂಗುಲದ ಐವತ್ತನೆಯ ಒಂದು ಪಾಲು ದಪ್ಪವಾಗಿದ್ದರೂ ಅದು ಹದಿಮೂರು ಅಡಿಗೂ ಮಿಗಿಲಾದ ನೆಲವನ್ನು ಮುಚ್ಚುತ್ತದೆ. ಅಡಕೆಯ ಗಿಡಗಳಿಗೆ ಒಂಬತ್ತು ಅಡಿಯ ಅಂತರವು ರೂಢಿ. ಎಂದರೆ ಒಂದು ಸಾಲು ಅಡಕೆಯ ಮರಗಳು ಮಸಿಯ ಗೆರೆಯೊಳಗೆ ಅಡಗಿಹೋಗಬಹುದು! ಇದು ಬರೆದವನ ದೋಷವಲ್ಲ. ಗ್ರಾಮನಕಾಶೆಯು ಹೊಲಗಳ ಪರಸ್ಪರ ಸ್ಥಾನವನ್ನು ತೋರಿಸುವುದಕ್ಕಾಗಿ ಹುಟ್ಟಿದುದು. ಎಲ್ಲೆಯ ನಿಶ್ಚಯಕ್ಕೆ ಟಿಪ್ಪಣಿಯ ಅಂಕೆಗಳೂ ಬಾಂದುಕಲ್ಲುಗಳೂ ಪ್ರಮಾಣ.

ಪ್ರಕೃತ ಕಾಲದಲ್ಲಿ ಈ ವಿವೇಕವು ಹಿಂದಿಗಿಂತಲೂ ಅವಶ್ಯವಾಗಿದೆ. ಹಳೆಯ ಗ್ರಾಮನಕಾಶೆಯ ಪ್ರತಿಬಿಂಬವನ್ನು ಗಣಕಯಂತ್ರಕ್ಕೆ ತುಂಬಿ, ಉಪಗ್ರಹದ ಚಿತ್ರದ ಮೇಲೆ ಹೊಂದಿಸಿ, ಗೆರೆಗಳನ್ನು ಪುನಃ ಎಳೆಯುವುದು ಈಗಿನ ಒಂದು ಕ್ರಮ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಎಂಬ ಸಾಧನದಿಂದ ನಿಂತ ನೆಲದ ಸರ್ವೆ ನಂಬರನ್ನು ಕೈಯೊಳಗಿನ ಫೋನಿನಲ್ಲಿಯೇ ಕಾಣಬಹುದು. 2020ರ ಏಪ್ರಿಲ್ 24ರಂದು ಪ್ರಾರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಗಳ ಮನೆನಿವೇಶನಗಳನ್ನು ಡ್ರೋನ್‌ಗಳ ಮೂಲಕ ಆಕಾಶದಿಂದ ಅಳೆಯಲಾಯಿತು. ಇವುಗಳ ಉಪಕಾರವು ನಿರ್ವಿವಾದ. ಆದರೆ ನಕಾಶೆಯನ್ನು ಹಿಗ್ಗಿಸಿದಾಗ ಗೆರೆಯ ದಪ್ಪವೂ ಅದರೊಡನೆ ಹಿಗ್ಗುತ್ತದೆ. ಕಾಗದವು ಕುಗ್ಗಿದ್ದರೆ, ಮಡಿಕೆಯಲ್ಲಿ ಸವೆದಿದ್ದರೆ ಆ ವಿಕಾರವೂ ಹೊಸ ನಕಾಶೆಗೆ ಸಂಕ್ರಮಿಸುತ್ತದೆ. ಯಂತ್ರವು ಎಳೆದ ಸೂಕ್ಷ್ಮರೇಖೆಯನ್ನು ಕಂಡವನು ಎಲ್ಲೆಯೂ ಅಷ್ಟೇ ಸೂಕ್ಷ್ಮವಾಗಿ ತಿಳಿದಿದೆಯೆಂದು ಭ್ರಮಿಸುವನು.

ಬಯಲುಸೀಮೆಯಲ್ಲಿ ಬದುವಾದರೂ ಆಕಾಶದಿಂದ ಕಾಣುತ್ತದೆ. ಸೋದೆಯ ಸೀಮೆಯಲ್ಲಾದರೋ ಚಿತ್ರದಲ್ಲಿ ಕಾಣುವುದು ಮರಗಳ ನೆತ್ತಿ ಮಾತ್ರ. ಕೆಳಗಣ ಬಾಂದುಕಲ್ಲು ಕಾಣದು. ದಟ್ಟವಾದ ಮರಗಳ ಅಡಿಯಲ್ಲಿ ಉಪಗ್ರಹದ ಸಂಕೇತವೂ ಕ್ಷೀಣಿಸಿ ಸ್ಥಾನನಿರ್ಣಯವು ತಪ್ಪುವುದುಂಟು. ಹಳೆಯ ನಕಾಶೆಯನ್ನು ಹೊಸ ಚಿತ್ರಕ್ಕೆ ಹೊಂದಿಸಲು ಎರಡರಲ್ಲಿಯೂ ಗುರುತಿಸಬಹುದಾದ ಸ್ಥಿರಬಿಂದುಗಳು ಬೇಕು. ಮೂರು ಊರುಗಳ ಗಡಿಯು ಕೂಡುವ ಕಲ್ಲು, ಹಳೆಯ ದೇವಸ್ಥಾನದ ಮೂಲೆ, ಹಳ್ಳಗಳ ಸಂಗಮ ಇವೇ ಆ ಬಿಂದುಗಳು. ಅವು ಎಲ್ಲಿವೆಯೆಂಬುದನ್ನು ಅರಿತವನು ಆ ಊರಿನ ವೃದ್ಧನು. ಶಾಸನವು ನಂಬಿದ ಮಾತಿಗೆ ಯಂತ್ರವೂ ಕಡೆಯಲ್ಲಿ ಬಂದು ನಿಲ್ಲಬೇಕಾಗಿದೆ.

ಇದರಿಂದ ಸಿದ್ಧವಾಗುವುದೇನೆಂದರೆ, ಕೈಬರಹದ ನಕಾಶೆಗೂ ಗಣಕದ ನಕಾಶೆಗೂ ವಿರೋಧವಿಲ್ಲ. ಮಾತಿನಿಂದ ಬೇರ್ಪಟ್ಟ ರೇಖೆಯು ಯಾವ ಕಾಲದ್ದಾದರೂ ದುರ್ಬಲವೇ. ಗ್ರಾಮನಕಾಶೆಯ ಗೆರೆಯನ್ನು ನಕಲುಮಾಡುವ ಬದಲು ಟಿಪ್ಪಣಿಯ ಅಂಕೆಗಳನ್ನೇ ಯಂತ್ರಕ್ಕೆ ಕೊಟ್ಟು ಎಳೆಯಿಸಿದರೆ ಮಸಿಯ ದಪ್ಪದ ದೋಷವು ನಿವಾರಣೆಯಾಗುವುದು. ಕಲ್ಲು, ಹಳ್ಳ, ಕಟ್ಟೆ, ದಾರಿಗಳ ಹೆಸರುಗಳನ್ನು ತಿಳಿದವರಿಂದ ಕೇಳಿ ಅದರೊಡನೆ ಬರೆದಿಟ್ಟರೆ ಕೈಫಿಯತ್ತಿನ ಕಾರ್ಯವು ಮುಂದುವರಿದಂತಾಗುವುದು. ಟಿಪ್ಪಣಿಯ ಪುಸ್ತಕಗಳ ಕಾಗದವು ವರ್ಷೇ ವರ್ಷೇ ಜೀರ್ಣವಾಗುತ್ತಿದೆ. ಹೆಸರುಗಳನ್ನು ಬಲ್ಲವರ ಸಂಖ್ಯೆಯೂ ಕುಂದುತ್ತಿದೆ. ಹೊಸ ನಕಾಶೆಯು ಸಿದ್ಧವಾಯಿತೆಂದು ಇವೆರಡನ್ನೂ ಉಪೇಕ್ಷಿಸಿದರೆ, ಮುಂದೆ ಬೆಟ್ಟದ ಎಲ್ಲೆಯನ್ನು ಕುರಿತು ವಿವಾದವು ಹುಟ್ಟಿದಾಗ ಆ ನಕಾಶೆಗೆ ಸಾಕ್ಷಿ ಹೇಳತಕ್ಕವರು ಯಾರೂ ಉಳಿದಿರುವುದಿಲ್ಲ.