‘ಆರಾಮ ಅದೀನಿ, ಗುಳಿಗಿ ಬಿಟ್ಟೀನಿ’: ಬಿಪಿ ಔಷಧಿಯ ಇತಿಹಾಸ

ನಮ್ಮ ಭಾಗದ ಇತಿಹಾಸ ಅಂದ ಕೂಡಲೇ ನೀವು ಕೇಳೋದು ದೊಡ್ಡ ದೊಡ್ಡ ಸಂಗತಿಗಳನ್ನೇ. ಯಾದಗಿರಿ ಗುಡ್ಡದ ಕೋಟೆ, ಶಹಾಪುರದ ಮಲಗಿದ ಬುದ್ಧನ ಗುಡ್ಡ, ಸುರಪುರದ ರಾಜಾ ವೆಂಕಟಪ್ಪ ನಾಯಕ, ಟೇಲರ್ ಮಂಜಿಲ್. ಇವತ್ತಿನ ಸಂಚಿಕೆ ಮಾತ್ರ ಬಹಳ ಸಣ್ಣ ಸಾಮಾನಿನ ಇತಿಹಾಸ. ಅದು ನಿಮ್ಮ ಮನೆಯ ಟಿವಿ ಪಕ್ಕದ ಡಬ್ಬಿಯಲ್ಲೋ, ಅವ್ವನ ಪರ್ಸಿನಲ್ಲೋ ಇರುತ್ತೆ. ಬಿಪಿ ಗುಳಿಗಿ.

ಈ ಮಾತು ನೀವೂ ಕೇಳಿರ್ತೀರಿ.

"ಕಾಕಾ, ಬಿಪಿ ಗುಳಿಗಿ ತಗೊಳ್ಳಿಕತ್ತೀರಿಲ್ಲೋ?"

"ಇಲ್ಲ ತಮ್ಮಾ. ಈಗ ಆರಾಮ ಅದೀನಿ. ಬಿಟ್ಟೀನಿ."

ಆರಾಮ ಇದ್ದೀನಿ ಅನ್ನೋದೇ ಬಿಡೋದಕ್ಕೆ ಕಾರಣ. ಮುಂದೆ ಒಂದು ದಿನ ಲಕ್ವಾ ಹೊಡೆದಾಗ ಮನೆಮಂದಿಯೆಲ್ಲ "ಗುಳಿಗಿ ತಗೊಳ್ಳಲಿಲ್ಲ" ಅಂತ ಅವರನ್ನೇ ಬೈತಾರೆ. ದವಾಖಾನೆಯವರು "ನಮ್ಮ ಮಂದಿಗೆ ತಿಳುವಳಿಕೆ ಇಲ್ರಿ" ಅಂತಾರೆ. ತಿಳುವಳಿಕೆ ಇಲ್ಲದ್ದೇ ಕಾರಣ ಅನ್ನೋ ಈ ಮಾತನ್ನ ಸುಮಾರು 50 ವರ್ಷದ ಹಿಂದೆಯೇ ಕೆಲವರು ಪರೀಕ್ಷೆಗೆ ಒಡ್ಡಿದ್ರು. ಫಲಿತಾಂಶ ಯಾರೂ ಅಂದುಕೊಂಡ ಹಾಗೆ ಬರಲಿಲ್ಲ. ಅಲ್ಲಿಗೆ ಹೋಗೋಣ, ಆದರೆ ಸ್ವಲ್ಪ ಹಿಂದಿನಿಂದ.

ಬಿಪಿ ಅನ್ನೋ ರೋಗ ಮೊದಲಿಂದ ಇದ್ದದ್ದೇ, ಆದರೆ ಅಳೆಯೋ ಸಾಧನ ಇರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬೋ ಉಪಕರಣವನ್ನ 1896ರಲ್ಲಿ ಇಟಲಿಯ ರೀವಾ ರೋಚಿ ಮಾಡಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅನ್ನೋ ಡಾಕ್ಟರು, ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಿ ಮೇಲಿನ ನಂಬರು, ಕೆಳಗಿನ ನಂಬರು ಹೇಳೋ ವಿಧಾನ ಕಂಡುಹಿಡಿದರು. 140 ಬೈ 90 ಅಂತ ಇವತ್ತು ಹೇಳೋ ಭಾಷೆ ಹುಟ್ಟಿದ್ದು ಹೀಗೆ. ಅಳೆಯೋದು ಬಂತು, ಔಷಧಿ ಮಾತ್ರ ಬರಲಿಲ್ಲ. ಅಷ್ಟೇ ಅಲ್ಲ, ಬಿಪಿ ಏರೋದು ವಯಸ್ಸಾದವರಿಗೆ ಬೇಕಾದ್ದೇ, ಇಳಿಸಬಾರದು ಅನ್ನೋ ಡಾಕ್ಟರುಗಳೇ ಹೆಚ್ಚಿದ್ದರು.

ಇದರ ಬೆಲೆ ತೆತ್ತವರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಕೂಡ ಒಬ್ಬರು. 1944ರ ಮಾರ್ಚ್‌ನಲ್ಲಿ ಹೃದಯದ ಡಾಕ್ಟರ್ ಹೋವರ್ಡ್ ಬ್ರೂಯೆನ್ ಪರೀಕ್ಷೆ ಮಾಡಿದಾಗ ಅವರ ಬಿಪಿ 186 ಬೈ 108. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವ ಆಗಿ ತೀರಿಕೊಂಡ ದಿನ 300 ದಾಟಿತ್ತು. ಎರಡನೇ ಮಹಾಯುದ್ಧ ನಡೆಸ್ತಾ ಇದ್ದ ಮನುಷ್ಯನಿಗೆ ಆಗ ಕೊಡೋಕೆ ಇದ್ದದ್ದು ಉಪ್ಪು ಕಮ್ಮಿ ಊಟ, ವಿಶ್ರಾಂತಿ, ನಿದ್ದೆ ಬರಿಸೋ ಔಷಧಿ, ಹೃದಯಕ್ಕೆ ಡಿಜಿಟಾಲಿಸ್. ನನಗೆ ಇದರಲ್ಲಿ ಬಹಳ ಹಿಡಿಸಿದ ವಿಷಯ ಬೇರೆ. ಬ್ರೂಯೆನ್ 1970ರಲ್ಲಿ ಬರೆದದ್ದರ ಪ್ರಕಾರ, ಅಧ್ಯಕ್ಷರು ಒಮ್ಮೆಯೂ "ಇಷ್ಟು ಸಲ ಯಾಕೆ ಬರ್ತೀರಿ, ಇದೆಂಥ ಔಷಧಿ" ಅಂತ ಕೇಳಲೇ ಇಲ್ಲ. ಪೇಷಂಟ್ ಕೇಳಲಿಲ್ಲ, ಡಾಕ್ಟರು ಹೇಳಲಿಲ್ಲ. ಜಗತ್ತಿನ ಅತಿ ಶಕ್ತಿಶಾಲಿ ಮನುಷ್ಯನ ಕಥೆಯೇ ಹೀಗಿದ್ದಾಗ, ಸಂತೆ ದಿನ ದವಾಖಾನೆಯ ಸಾಲಿನಲ್ಲಿ ನಿಂತ ನಮ್ಮ ಕಾಕಾ ಚೀಟಿ ತೋರಿಸಿ ಸುಮ್ಮನೆ ಗುಳಿಗಿ ಇಸ್ಕೊಂಡು ಬಂದರೆ ಅದರಲ್ಲೇನು ಆಶ್ಚರ್ಯ?

ಅದೇ ಹೊತ್ತಿಗೆ ಔಷಧಿಯ ಬೇರು ನಮ್ಮ ದೇಶದಲ್ಲೇ ಇತ್ತು. ಬೇರು ಅಂದ್ರೆ ನಿಜವಾದ ಬೇರು: ಸರ್ಪಗಂಧ. ಯುನಾನಿ ಹಕೀಮರು ಇದಕ್ಕೆ ಅಸ್ರೋಲ್ ಅಂತಾರೆ. (ನಾವು ಆಸ್ಪತ್ರೆಗೆ ದವಾಖಾನಿ ಅನ್ನೋದೂ ನಿಜಾಮರ ಕಾಲದ ಉರ್ದುವಿಂದಲೇ ಬಂದದ್ದು, ನೆನಪಿರಲಿ.) 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಈ ಬೇರು ಬಿಪಿ ಇಳಿಸುತ್ತೆ ಅಂತ ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಇದರಿಂದ ಒಂದು ರಾಸಾಯನಿಕ ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನ್ ಹೆಸರಿನ ನೆನಪಿಗೆ ಅಜ್ಮಲೀನ್ ಅಂತ ಹೆಸರಿಟ್ಟರು. ಆಮೇಲೆ 1949ರಲ್ಲಿ ಬಾಂಬೆಯ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ 50 ಜನ ಪೇಷಂಟ್‌ಗಳ ಅನುಭವವನ್ನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಗ ಪಶ್ಚಿಮದವರ ಕಣ್ಣು ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಈ ಬೇರಿನಿಂದ ರಿಸರ್ಪಿನ್ ತೆಗೆಯಿತು. ವಕೀಲ್ ಅವರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಿಕ್ಕಿತು.

ಒಂದು ಎಚ್ಚರಿಕೆ. ಇದನ್ನ ಕೇಳಿ ಯಾರಾದರೂ ಸರ್ಪಗಂಧದ ಬೇರು ಹುಡುಕಿಕೊಂಡು ಹೋಗಬೇಡ್ರಿ. ರಿಸರ್ಪಿನ್ ತಗೊಂಡ ಕೆಲವರಿಗೆ ಖಿನ್ನತೆ ಕಾಡುತ್ತೆ ಅನ್ನೋ ವರದಿಗಳು ಬಂದವು, ಈಗ ಅದಕ್ಕಿಂತ ಒಳ್ಳೆ ಔಷಧಿಗಳಿವೆ.

ಇಷ್ಟಾದರೂ ಬಿಪಿ ಇಳಿಸಿದರೆ ಜೀವ ಉಳಿಯುತ್ತಾ ಅನ್ನೋದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಅದು ಬಂದಿದ್ದು 1967ರಲ್ಲಿ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಂದ. ಎಡ್ವರ್ಡ್ ಫ್ರೀಸ್ ನೇತೃತ್ವದ ಅಧ್ಯಯನ. ಕೆಳಗಿನ ನಂಬರು 115ರಿಂದ 129 ಇದ್ದ 143 ಗಂಡಸರು. ಅರ್ಧ ಜನಕ್ಕೆ ನಿಜವಾದ ಗುಳಿಗಿ, ಅದರಲ್ಲಿ ನಮ್ಮ ಸರ್ಪಗಂಧದ ರಿಸರ್ಪಿನ್ ಕೂಡ ಇತ್ತು. ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಗುಳಿಗಿ. ಸರಾಸರಿ ಎರಡು ವರ್ಷ ತುಂಬೋ ಮೊದಲೇ ಹುಸಿ ಗುಳಿಗಿಯವರಲ್ಲಿ 27 ಜನಕ್ಕೆ ಸಾವು ಅಥವಾ ಗಂಭೀರ ತೊಂದರೆ. ಔಷಧಿಯವರಲ್ಲಿ 2. ನಾನು ಬಿಕಾಂ ಓದಿದವನು, ವೈದ್ಯಕೀಯ ನನ್ನ ವಿಷಯ ಅಲ್ಲ. ಆದರೆ 27ಕ್ಕೆ 2 ಅನ್ನೋ ಲೆಕ್ಕ ಅರ್ಥ ಆಗೋಕೆ ಡಾಕ್ಟರ್ ಆಗಬೇಕಿಲ್ಲ.

ಈ ಅಧ್ಯಯನದಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಶುರು ಮಾಡೋ ಮೊದಲು ಫ್ರೀಸ್ ತಂಡದವರು ಎಲ್ಲರಿಗೂ ಒಂದು ಗುಳಿಗಿ ಕೊಟ್ಟರು. ಅದರಲ್ಲಿ ರೈಬೋಫ್ಲಾವಿನ್, ಅಂದ್ರೆ ಒಂದು ವಿಟಮಿನ್ ಇತ್ತು. ಅದನ್ನ ತಗೊಂಡವರ ಮೂತ್ರ ವಿಶೇಷ ಬೆಳಕಿನಲ್ಲಿ ಹೊಳೆಯುತ್ತೆ. ಹೊಳೆಯದೆ ಇದ್ದವರನ್ನ, ಗುಳಿಗಿ ಎಣಿಸಿದಾಗ ಲೆಕ್ಕ ತಪ್ಪಿದವರನ್ನ ಅಧ್ಯಯನದಿಂದಲೇ ಕೈಬಿಟ್ಟರು. ಅಂದ್ರೆ ಬಿಪಿ ಗುಳಿಗಿ ಜೀವ ಉಳಿಸುತ್ತೆ ಅಂತ ಸಾಬೀತಾಗಿದ್ದು, ತಪ್ಪದೆ ಗುಳಿಗಿ ತಗೊಳ್ಳೋ ಮಂದಿಯ ಮೇಲೆ. ನಮ್ಮ ಕಾಕಾನಂಥವರು ಬಾಗಿಲಲ್ಲೇ ಹೊರಗೆ. ವಿಜ್ಞಾನದ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಕಾಕಾನ ಪ್ರಶ್ನೆ ಅಲ್ಲಿಗೆ ಉಳಿದೇ ಹೋಯ್ತು.

ಆ ಪ್ರಶ್ನೆ ಎತ್ತಿಕೊಂಡವರು ಕೆನಡಾದ ಡೇವಿಡ್ ಸ್ಯಾಕೆಟ್ ಮತ್ತು ಬ್ರಯನ್ ಹೇನ್ಸ್. ಊರು ಹ್ಯಾಮಿಲ್ಟನ್, ಜಾಗ ಡೊಫಾಸ್ಕೊ ಉಕ್ಕಿನ ಕಾರ್ಖಾನೆ. ಬಿಪಿ ಇದ್ದ 230 ಕಾರ್ಮಿಕರು. ಸ್ಯಾಕೆಟ್ ತಂಡ ಎರಡು ಉಪಾಯ ಮಾಡಿತು. ಕೆಲವರಿಗೆ ಕಾರ್ಖಾನೆಯೊಳಗೇ ಕೆಲಸದ ಹೊತ್ತಿನಲ್ಲೇ ಡಾಕ್ಟರ್ ಸಿಗೋ ವ್ಯವಸ್ಥೆ. ಕೆಲವರಿಗೆ ಬಿಪಿ ಅಂದ್ರೇನು, ಗುಳಿಗಿ ಯಾಕೆ, ಬಿಟ್ಟರೆ ಏನಾಗುತ್ತೆ ಅಂತ ಪೂರ್ತಿ ಪಾಠ. ಪಾಠ ಕೇಳಿದವರು ಚೆನ್ನಾಗಿ ಕಲಿತರು, ಪ್ರಶ್ನೆ ಕೇಳಿದರೆ ಸರಿ ಉತ್ತರ ಕೊಟ್ಟರು. ಆರು ತಿಂಗಳ ಮೇಲೆ ಗುಳಿಗಿ ಎಣಿಸಿದರೆ? ಪಾಠ ಕೇಳಿದವರೂ ಕೇಳದವರೂ ಒಂದೇ. ಡಾಕ್ಟರು ಹತ್ತಿರ ಇದ್ದದ್ದರಿಂದಲೂ ಏನೂ ಹೆಚ್ಚಾಗಲಿಲ್ಲ. 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂತು.

ತಿಳುವಳಿಕೆ ಇಲ್ಲದ್ದೇ ಕಾರಣ ಅನ್ನೋ ಮಾತು ಅಲ್ಲಿ ಬಿದ್ದುಹೋಯ್ತು. ತಿಳುವಳಿಕೆ ಬೇಡ ಅಂತಲ್ಲ, ಅದೊಂದೇ ಸಾಲದು ಅಂತ. ನೋಡ್ರಿ, ಸಿಗರೇಟ್ ಪ್ಯಾಕಿನ ಮೇಲಿನ ಚಿತ್ರ ನೋಡದೆ ಇದ್ದವರು ಯಾರಿದ್ದಾರೆ?

ಅವರು ಅಲ್ಲಿಗೇ ಬಿಡಲಿಲ್ಲ. ಗುಳಿಗಿಯನ್ನೂ ಸರಿಯಾಗಿ ತಗೊಳ್ಳದ, ಬಿಪಿಯೂ ಇಳಿಯದ 38 ಜನರನ್ನ ಆರಿಸಿ, ಅದರಲ್ಲಿ 20 ಜನರಿಗೆ ಬೇರೆ ಥರ ಕೆಲಸ ಮಾಡಿದರು. ಮನೆಯಲ್ಲಿ ತಾವೇ ಬಿಪಿ ನೋಡಿಕೊಳ್ಳೋದು ಕಲಿಸಿದರು, ನಂಬರು ಬರೆದಿಡೋಕೆ ಹೇಳಿದರು. ಗುಳಿಗಿಯನ್ನ ದಿನಾ ತಪ್ಪದೆ ಮಾಡೋ ಒಂದು ಕೆಲಸದ ಜೊತೆ ಗಂಟು ಹಾಕಿಸಿದರು. ಎರಡು ವಾರಕ್ಕೊಮ್ಮೆ ಒಬ್ಬರು ಭೇಟಿಯಾಗಿ ವಿಚಾರಿಸ್ತಿದ್ದರು. ಹಾಗೆ ವಿಚಾರಿಸಿದವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಹೈಸ್ಕೂಲು ಮುಗಿಸಿದ ಒಬ್ಬ ಸಾಮಾನ್ಯ ವ್ಯಕ್ತಿ. ಸರಿಯಾಗಿ ನಡೆದುಕೊಂಡವರ ಹೆಸರಲ್ಲಿ 4 ಡಾಲರ್ ಜಮಾ, ಆ ದುಡ್ಡು ಕೂಡಿದಾಗ ಬಿಪಿ ನೋಡೋ ಉಪಕರಣ ಅವರದೇ. 1976ರ ಫಲಿತಾಂಶದಲ್ಲಿ ಈ ಗುಂಪಿನವರು ಗುಳಿಗಿ ತಗೊಳ್ಳೋದು ಸರಾಸರಿ 21 ಶೇಕಡಾದಷ್ಟು ಏರಿತ್ತು, ಉಳಿದವರಲ್ಲಿ ಏರಲೇ ಇಲ್ಲ.

ಆ ಹೈಸ್ಕೂಲು ಓದಿದ ವ್ಯಕ್ತಿಯ ಬಗ್ಗೆ ಓದಿದಾಗ ನನಗೆ ನೆನಪಾಗಿದ್ದು ನಮ್ಮೂರ ಆಶಾ ಅಕ್ಕಗಳು.

ಇದೇ ತಂಡ 1978ರಲ್ಲಿ ಇನ್ನೊಂದು ಮಾತು ಹೇಳಿತು. "ನಿಮಗೆ ಬಿಪಿ ಇದೆ" ಅಂತ ಹೇಳಿಸಿಕೊಂಡ ಮೇಲೆ ಆ ಕಾರ್ಮಿಕರು ಕೆಲಸಕ್ಕೆ ರಜೆ ಹಾಕೋದು ಹೆಚ್ಚಾಯ್ತು. ಮೈಯಲ್ಲಿ ಏನೂ ಬದಲಾಗಿಲ್ಲ, ಹೆಸರು ಮಾತ್ರ ಬಂದಿದೆ. "ಒಮ್ಮೆ ಗುಳಿಗಿ ಶುರು ಮಾಡಿದ್ರ ಸಾಯೋತನ ಬಿಡಂಗಿಲ್ಲ" ಅಂತ ಹೆದರಿ ಬಿಪಿ ನೋಡಿಸಿಕೊಳ್ಳೋಕೇ ಹೋಗದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಹೇಗೆ ಹೇಳ್ತೀವಿ ಅನ್ನೋದೂ ಔಷಧಿಯ ಒಂದು ಭಾಗವೇ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಮಂಡ್ಯ ಜಿಲ್ಲೆಯ ಬಿ.ಜಿ. ನಗರದ ಆದಿಚುಂಚನಗಿರಿ ಫಾರ್ಮಸಿ ಕಾಲೇಜಿನವರು ಹಳ್ಳಿಯ ಬಿಪಿ ಪೇಷಂಟ್‌ಗಳ ಜೊತೆ ಫಾರ್ಮಸಿಸ್ಟ್‌ಗಳು ಕೂತು ಮಾತಾಡಿದರೆ ಏನಾಗುತ್ತೆ ಅಂತ ನೋಡಿದರು, 2012ರಲ್ಲಿ ಪ್ರಕಟವಾಯ್ತು. ಗುಳಿಗಿ ತಗೊಳ್ಳೋದು ಸುಧಾರಿಸಿತ್ತು. ಹ್ಯಾಮಿಲ್ಟನ್‌ಗೆ ಇದು ವಿರುದ್ಧ ಅಲ್ವಾ ಅಂತ ಕೇಳಬಹುದು. ನನಗೆ ಹಾಗನ್ನಿಸಲ್ಲ. ಅಲ್ಲಿ ಕೊಟ್ಟದ್ದು ಪಾಠ. ಇಲ್ಲಿ ಎದುರಿಗೆ ಒಬ್ಬ ಮನುಷ್ಯ ಕೂತು ವಿಚಾರಿಸಿದ್ದ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಔಷಧಿ ಕೊಡೋವಾಗ ವಿವರಿಸೋದು ಫಾರ್ಮಸಿಸ್ಟ್‌ನ ಕರ್ತವ್ಯ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ ಕೊಡೋದರಲ್ಲೇ ಮಾತು ಮುಗಿಯುತ್ತೆ.

ಹಾಗಾದರೆ ಮೊಬೈಲ್‌ನಲ್ಲಿ ರಿಮೈಂಡರ್ ಹಾಕಿದರೆ ಸಾಕಲ್ಲ ಅಂತ ನೀವು ಅಂದುಕೊಳ್ತಿರಬಹುದು. ಅದನ್ನೂ ನೋಡಿಯಾಗಿದೆ, ಬಿಪಿಯಲ್ಲಿ ಅಲ್ಲ, ಎಚ್‌ಐವಿಯಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ಸೇರಿದಂತೆ ದಕ್ಷಿಣ ಭಾರತದ ಕೇಂದ್ರಗಳಲ್ಲಿ 631 ಜನರ ಮೇಲೆ ನಡೆದ ಅಧ್ಯಯನ 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ವಾರಕ್ಕೊಮ್ಮೆ ತಾನಾಗಿಯೇ ಬರೋ ಧ್ವನಿ ಕರೆ, ಜೊತೆಗೊಂದು ಚಿತ್ರ ಸಂದೇಶ. ಉಪಯೋಗ ಕಾಣಲಿಲ್ಲ.

ಅಂಥ ಕೆಲಸ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾಗಿದ್ದು 2017ರ ಕೊನೆಗೆ, ಇಂಡಿಯಾ ಹೈಪರ್‌ಟೆನ್ಶನ್ ಕಂಟ್ರೋಲ್ ಇನಿಶಿಯೇಟಿವ್ ಅನ್ನೋ ಹೆಸರಲ್ಲಿ. ಮೊದಲು ಐದು ರಾಜ್ಯ, ಅದರಲ್ಲಿ ನಮ್ಮ ಪಕ್ಕದ ತೆಲಂಗಾಣವೂ ಇತ್ತು. ಇದರಲ್ಲಿ ಹೊಸ ಔಷಧಿ ಏನೂ ಇಲ್ಲ. ಎಲ್ಲ ಕಡೆ ಒಂದೇ ಸರಳ ಕ್ರಮ, ಹತ್ತಿರದ ಸರ್ಕಾರಿ ಕೇಂದ್ರದಲ್ಲೇ ಒಮ್ಮೆಗೆ 30 ದಿನದ ಗುಳಿಗಿ, ಪ್ರತಿಯೊಬ್ಬರಿಗೂ ಒಂದು ದಾಖಲೆ, ಬರದೆ ಹೋದವರನ್ನ ಹುಡುಕಿ ಕರೆಯೋದು. 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ನಮ್ಮಲ್ಲಿ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿ ಮನೆ ಬಾಗಿಲಿಗೆ ಬಿಪಿ, ಶುಗರ್ ತಪಾಸಣೆ ತರೋಕೆ ಹೊರಟಿತು.

ನಮ್ಮ ಯಾದಗಿರಿಗೆ ಬಂದಾಗ ಒಂದು ಲೆಕ್ಕ ಕೂಡೋದಿಲ್ಲ. ನಮ್ಮದು 2009ರ ಡಿಸೆಂಬರ್ 30ರಂದು ಹುಟ್ಟಿದ ಜಿಲ್ಲೆ, ಮೆಡಿಕಲ್ ಕಾಲೇಜು ಬಂದಿದ್ದು ಅದಕ್ಕೂ ಹತ್ತು ವರ್ಷ ದಾಟಿದ ಮೇಲೆ. ಆದರೆ ನಾನು ಹೇಳ್ತಿರೋದು ಕಟ್ಟಡದ ಮಾತಲ್ಲ, ಗುಳೆಯ ಮಾತು. ಸುಗ್ಗಿ ಮುಗಿದ ಮೇಲೆ ಸುರಪುರ, ಶಹಾಪುರ, ಯಾದಗಿರಿ ಬಸ್ ನಿಲ್ದಾಣಗಳಲ್ಲಿ ಚೀಲ, ಪಾತ್ರೆ, ಮಕ್ಕಳ ಸಮೇತ ಬೆಂಗಳೂರು, ಪುಣೆ, ಮುಂಬೈಗೆ ಹೊರಟವರನ್ನ ನೀವು ನೋಡಿದ್ದೀರಿ. ಗುಳೆ ನಾಲ್ಕು ತಿಂಗಳು ಅಂತಿಟ್ಟುಕೊಳ್ಳಿ, 120 ದಿನ. ಕೈಯಲ್ಲಿರೋ ಗುಳಿಗಿ 30. ಉಳಿದ 90 ದಿನ ಆ ಕಟ್ಟಡದ ಕೆಲಸದವರು ಗುಳಿಗಿ "ಮರೆತರು" ಅಂತ ಬರೆದುಕೊಂಡರೆ ಅದು ಸುಳ್ಳು ಲೆಕ್ಕ. ಅಲ್ಲಿ ಹಗಲು ಪೂರ್ತಿ ದವಾಖಾನೆ ಸಾಲಿನಲ್ಲಿ ನಿಂತರೆ ಆ ದಿನದ ಪಗಾರ ಹೋಗುತ್ತೆ. ಹಳೇ ಚೀಟಿ ಊರಲ್ಲೇ ಇರುತ್ತೆ. ಯಾವ ಗುಳಿಗಿ ಅಂದ್ರೆ "ಬಿಳೀದು, ಸಣ್ಣದು" ಅಂತಾರೆ. ಬಿಳಿ, ಸಣ್ಣ ಗುಳಿಗಿ ನೂರು ಥರದವು ಇದ್ದಾವೆ.

ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ತನ್ನ ವರದಿಯಲ್ಲಿ ಹೇಳಿತ್ತು: ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸರಿಯಾಗಿ ಔಷಧಿ ತಗೊಳ್ಳೋರು ಸರಾಸರಿ ಅರ್ಧ ಮಾತ್ರ. ಅದೇ ವರದಿ ಡಾಕ್ಟರು ಹೇಳಿದ್ದನ್ನ ಪಾಲಿಸೋದು ಅನ್ನೋ ಹಳೇ ಮಾತು ಬಿಟ್ಟು, ಇಬ್ಬರೂ ಕೂತು ಒಪ್ಪಿಕೊಂಡಂತೆ ನಡೆಯೋದು ಅನ್ನೋ ಅರ್ಥ ಹಿಡಿಯಿತು. ಗುಳೆ ಹೋಗೋರ ಜೊತೆ ಆ ಒಪ್ಪಂದ ಮಾಡಿಕೊಳ್ಳೋದಾದರೆ ಮೊದಲ ಪ್ರಶ್ನೆ "ಯಾಕ ಬಿಟ್ಟೀರಿ" ಅಲ್ಲ, "ಯಾವಾಗ ಹೊಂಟೀರಿ, ಎಷ್ಟು ದಿನಕ್ಕ" ಅಂತ ಆಗಬೇಕು. ಶ್ರಾವಣ ಸೋಮವಾರಕ್ಕೋ ರಂಜಾನ್ ರೋಜಾಕ್ಕೋ ಗುಳಿಗಿ ಹೊತ್ತು ಬದಲಿಸೋ ಮಾತೂ ಹೀಗೇ, ಡಾಕ್ಟರ ಹತ್ತಿರ ಮೊದಲೇ ಬಾಯಿಬಿಟ್ಟು ಕೇಳೋದು.

ಈ ಸಲ ಗುಳೆ ಹೋಗೋರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಬಸ್ ಹತ್ತೋ ಮೊದಲು ಅವರ ಚೀಟಿಯ ಫೋಟೋ ಹೊಡೆದು ಅವರ ಫೋನಿಗೂ ಜೊತೆಗೆ ಹೋಗೋ ಒಬ್ಬರ ಫೋನಿಗೂ ಕಳಿಸ್ರಿ. ಸ್ಟ್ರಿಪ್ಪಿನ ಹಿಂದೆ ಹೆಸರು ಇರೋ ಕಡೆಯದ್ದೂ ಒಂದು ಫೋಟೋ. ಹೊರಡೋ ಮುಂಚೆ ಪಿಎಚ್‌ಸಿಯಲ್ಲಿ "ಇಷ್ಟು ದಿನ ಊರಲ್ಲಿ ಇರಲ್ಲ" ಅಂತ ಹೇಳಿ ಹೆಚ್ಚಿನ ಗುಳಿಗಿ ಕೇಳೋದಕ್ಕೆ ನಾಚಿಕೆ ಬೇಡ. ಬೆಂಗಳೂರಿಗೆ ಹೋಗೋರಿಗೆ ಅವರು ಇರೋ ಜಾಗದ ಹತ್ತಿರ ನಮ್ಮ ಕ್ಲಿನಿಕ್ ಎಲ್ಲಿದೆ ಅಂತ ಮ್ಯಾಪಿನಲ್ಲಿ ನೋಡಿ ತೋರಿಸಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ನೀವೇ ಒಂದು ಕಾಲ್ ಮಾಡ್ರಿ: "ಕಾಕಾ, ಎಷ್ಟು ಗುಳಿಗಿ ಉಳದಾವ?"