ವೇಗವೂ ಬಯಲೂ

ಮೋಟಾರು ಸೈಕಲ್ಲಿಗೆ ನಮ್ಮ ಗದಗ-ಬೆಟಗೇರಿಯ ಕಡೆ ಹಿಂದೆ ಇದ್ದ ಹೆಸರು ಫಟಫಟಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಿರಿಯರ ಬಾಯಲ್ಲಿ ಈ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಜನ ಆ ವಾಹನವನ್ನು ಅದರ ಸದ್ದಿನಿಂದ ಗುರುತಿಸಿದರೇ ಹೊರತು ವೇಗದಿಂದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ ಗಾಡಿಗಳು, ಆಮೇಲಿನ ಯೆಜ್ಡಿ ಗಾಡಿಗಳು ಎರೆ ನೆಲದ ದಾರಿಯಲ್ಲಿ ಧೂಳೆಬ್ಬಿಸಿ ಬರುವಾಗ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಅದೇ ಯಂತ್ರ ಪಂದ್ಯದ ಕಣಕ್ಕೆ ಇಳಿದಾಗ ಅದರ ವೇಗ ಎಲ್ಲಿಂದ ಎಲ್ಲಿಗೆ ಏರಿತು, ಆ ವೇಗಕ್ಕೆ ಸವಾರನ ಮೈ ತೆತ್ತ ಬೆಲೆಯೇನು ಎಂಬುದು ಇಂದಿನ ನನ್ನ ವಿಷಯ.

1885ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೈಬಾಖ್ ಕಟ್ಟಿದ ಮೊದಲ ಪೆಟ್ರೋಲು ಗಾಡಿ ಗಂಟೆಗೆ ಸುಮಾರು 12 ಕಿಲೋಮೀಟರು ಓಡುತ್ತಿತ್ತು. ಒಳ್ಳೆಯ ಎತ್ತಿನ ಜೋಡಿ ಅದನ್ನು ನಾಚಿಸಬಹುದಾಗಿತ್ತು. ಇಂಗ್ಲೆಂಡು ಮತ್ತು ಐರ್ಲೆಂಡುಗಳ ನಡುವಣ ಮ್ಯಾನ್ ದ್ವೀಪದಲ್ಲಿ 1907ರಲ್ಲಿ ಮೊದಲ ಟೂರಿಸ್ಟ್ ಟ್ರೋಫಿ ಪಂದ್ಯ ನಡೆದಾಗ, ಒಂಟಿ ಸಿಲಿಂಡರಿನ ವರ್ಗದಲ್ಲಿ ಗೆದ್ದ ಚಾರ್ಲಿ ಕಾಲಿಯರನ ಸರಾಸರಿ ವೇಗ 61 ಕಿಲೋಮೀಟರು. 2023ರಲ್ಲಿ ಇಟಲಿಯ ಮುಜೆಲ್ಲೊ ಪಥದಲ್ಲಿ ದಕ್ಷಿಣ ಆಫ್ರಿಕದ ಬ್ರ್ಯಾಡ್ ಬಿಂಡರ್ ಮುಟ್ಟಿದ ಗರಿಷ್ಠ ವೇಗ 366.1 ಕಿಲೋಮೀಟರು. ಎಂದರೆ ಒಂದು ಸೆಕೆಂಡಿಗೆ ನೂರು ಮೀಟರಿಗೂ ಹೆಚ್ಚು. ಗದಗಿನಿಂದ ಮುಂಡರಗಿಗೆ ಏಳು ನಿಮಿಷದೊಳಗೆ ಹೋಗಿಬಿಡಬಹುದಾದ ಓಟ ಅದು. ಸರಾಸರಿಯನ್ನೂ ಗರಿಷ್ಠವನ್ನೂ ಹೋಲಿಸುವುದು ಸರಿಯಲ್ಲವೆಂದು ಲೆಕ್ಕ ಬಲ್ಲವರು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೂ ವೇಗ ಆರು ಪಟ್ಟಾದರೆ ಅದರೊಳಗಿನ ಚಲನಶಕ್ತಿ ಮೂವತ್ತಾರು ಪಟ್ಟಾಗುತ್ತದೆಂಬ ಭೌತಶಾಸ್ತ್ರದ ನಿಯಮ ಯಾವ ಆಕ್ಷೇಪಕ್ಕೂ ಜಗ್ಗುವುದಿಲ್ಲ.

ಹಾಗಾದರೆ ಸಾವುಗಳೂ ಮೂವತ್ತಾರು ಪಟ್ಟು ಹೆಚ್ಚಬೇಕಿತ್ತಲ್ಲವೆ? ಹೆಚ್ಚಲಿಲ್ಲ. ವಿಶ್ವ ಚಾಂಪಿಯನ್‌ಶಿಪ್ಪಿನ ಪಥಗಳಲ್ಲಿ ವೇಗ ಏರುತ್ತ ಹೋದಂತೆ ಸಾವು ಕಡಿಮೆಯಾಗುತ್ತ ಬಂದಿತು. ಈ ವಿಪರ್ಯಾಸದಲ್ಲಿಯೇ ಈ ಪಂದ್ಯದ ಇತಿಹಾಸವೆಲ್ಲ ಅಡಗಿದೆ. ಮನುಷ್ಯನನ್ನು ಕೊಲ್ಲುವುದು ವೇಗವಲ್ಲ, ಆ ವೇಗ ಒಮ್ಮೆಲೇ ಕೊನೆಗೊಳ್ಳುವ ರೀತಿ. 300 ಕಿಲೋಮೀಟರು ವೇಗದಲ್ಲಿ ಬಿದ್ದವನು ಗರಸಿನ ಹಾಸಿನ ಮೇಲೆ ನೂರು ಮೀಟರು ಜಾರಿ, ಎದ್ದು, ಮೈ ಕೊಡವಿಕೊಂಡು ನಡೆದುಹೋದದ್ದುಂಟು. ಶಿರಹಟ್ಟಿಯ ದಾರಿಯಲ್ಲಿ 60ರ ವೇಗದಲ್ಲಿ ಹುಣಸೆಯ ಮರಕ್ಕೆ ಬಡಿದವನು ಏಳುವುದಿಲ್ಲ. ಓಡುವುದಕ್ಕೆ ದಾರಿ ಎಷ್ಟು ಬೇಕೋ ನಿಲ್ಲುವುದಕ್ಕೆ ಬಯಲು ಅಷ್ಟೇ ಬೇಕು. ಕಾರಹುಣ್ಣಿಮೆಯ ದಿನ ಕರಿ ಹರಿಯಲು ಎತ್ತುಗಳನ್ನು ಬಿಡುವಾಗ ನಮ್ಮ ಹಳ್ಳಿಯ ಹಿರಿಯರು ಮೊದಲು ಮಾಡುವ ಕೆಲಸವೂ ದಾರಿಯಲ್ಲಿ ನಿಂತ ಜನರನ್ನು ಸರಿಸುವುದೇ. ಬೆದರಿದ ಎತ್ತಿನ ಮುಂದೆ ಏನಿರಬಾರದೆಂಬುದು ಅವರಿಗೆ ಗೊತ್ತು.

ಯೂರೋಪಿಗೆ ಈ ತಿಳಿವಳಿಕೆ ಬರಲು ಬಹಳ ಕಾಲ ಹಿಡಿಯಿತು. ಮ್ಯಾನ್ ದ್ವೀಪದಲ್ಲಿ 1911ರಿಂದ ಬಳಕೆಗೆ ಬಂದ ಬೆಟ್ಟದ ದಾರಿ ಒಂದು ಸುತ್ತಿಗೆ 60 ಕಿಲೋಮೀಟರಿಗೂ ಹೆಚ್ಚು. ಅದು ಊರ ದಾರಿ. ಎರಡು ಮಗ್ಗುಲಿಗೂ ಕಲ್ಲಿನ ಗೋಡೆ, ಮನೆಯ ಹೊಸ್ತಿಲು, ದೀಪದ ಕಂಬ. ಆ ವರ್ಷವೇ ಅಭ್ಯಾಸದ ವೇಳೆ ವಿಕ್ಟರ್ ಸರಿಜ್ ಎಂಬ ಸವಾರ ಸತ್ತನು. ಅಂದಿನಿಂದ ಇಂದಿನವರೆಗೆ ಆ ದಾರಿ 260ಕ್ಕೂ ಹೆಚ್ಚು ಸವಾರರನ್ನು ಬಲಿ ತೆಗೆದುಕೊಂಡಿದೆ. 1972ರಲ್ಲಿ ಗೆಳೆಯ ಪಾರ್ಲೊಟ್ಟಿ ಅಲ್ಲಿ ಸತ್ತಾಗ, ಅಂದಿನ ಕಾಲದ ಮಹಾರಥಿ ಜಾಕೊಮೊ ಅಗೊಸ್ಟಿನಿ ಮತ್ತೆ ಆ ದ್ವೀಪದಲ್ಲಿ ಸ್ಪರ್ಧಿಸುವುದಿಲ್ಲವೆಂದು ನಿಶ್ಚಯಿಸಿದ. 1976ರ ಪಂದ್ಯದೊಂದಿಗೆ ಅದರ ವಿಶ್ವ ಚಾಂಪಿಯನ್‌ಶಿಪ್ ಸ್ಥಾನವೂ ಹೋಯಿತು. ಪಂದ್ಯ ಮಾತ್ರ ನಿಲ್ಲಲಿಲ್ಲ. 2023ರಲ್ಲಿ ಅಲ್ಲಿಯ ಒಂದು ಸುತ್ತಿನ ಸರಾಸರಿ ವೇಗ 219 ಕಿಲೋಮೀಟರು ಮುಟ್ಟಿತು. ಗೋಡೆಗಳು ಇದ್ದಲ್ಲಿಯೇ ಇವೆ.

ಕಟ್ಟಿದ ಪಥಗಳೂ ಮೊದಲು ಇದಕ್ಕಿಂತ ತೀರ ಬೇರೆಯಾಗಿರಲಿಲ್ಲ. 1973ರ ಮೇ 20ರಂದು ಇಟಲಿಯ ಮೊಂಜಾದಲ್ಲಿ ಮೊದಲ ಸುತ್ತಿನಲ್ಲಿಯೇ ರೆಂಜೊ ಪಾಸೊಲಿನಿ, ಯಾರ್ನೊ ಸಾರಿನೆನ್ ಇಬ್ಬರೂ ಸತ್ತರು. ದಾರಿಯ ಅಂಚಿಗೇ ಉಕ್ಕಿನ ತಡೆಬೇಲಿ ಇತ್ತು. ಕಾರಿನವನನ್ನು ಕಾಯುವ ಆ ಬೇಲಿ ಮೋಟಾರು ಸೈಕಲ್ಲಿನವನಿಗೆ ಕತ್ತಿಯಾಗುತ್ತದೆ. 2003ರಲ್ಲಿ ಜಪಾನಿನ ಸುಜುಕಾದಲ್ಲಿ ಡೈಜಿರೊ ಕಾಟೊ ತಡೆಗೋಡೆಗೆ ಬಡಿದು ತೀರಿಕೊಂಡ ಮೇಲೆ ಆ ಪಥವನ್ನೇ ಪಟ್ಟಿಯಿಂದ ಕೈಬಿಟ್ಟರು. ಅಷ್ಟು ದಿಟ್ಟತನ ಆಡಳಿತಗಾರರಲ್ಲಿ ಅಪರೂಪ.

ತಲೆಯ ಕಥೆ ಬೇರೆಯೇ ಇದೆ. ಇಂಗ್ಲೆಂಡಿನ ಬ್ರೂಕ್ಲೆಂಡ್ಸ್ ಪಥದ ವೈದ್ಯ ಎರಿಕ್ ಗಾರ್ಡ್‌ನರ್ ಕ್ಯಾನ್ವಾಸು ಬಟ್ಟೆಗೆ ಅರಗನ್ನು ಹಚ್ಚಿ ಗಟ್ಟಿಮಾಡಿದ ಶಿರಸ್ತ್ರಾಣವೊಂದನ್ನು ಮಾಡಿಸಿದ. 1914ರಲ್ಲಿ ಮ್ಯಾನ್ ದ್ವೀಪದ ಪಂದ್ಯಕ್ಕೆ ಅದು ಕಡ್ಡಾಯವಾಯಿತು. ಕುಮಾರವ್ಯಾಸನ ಊರಿನವರಾದ ನಮಗೆ ಅರಗು ಎಂದರೆ ಪಾಂಡವರನ್ನು ಸುಡಲು ಕಟ್ಟಿದ ಮನೆ ನೆನಪಿಗೆ ಬರುತ್ತದೆ. ಅದೇ ಅರಗು ಅಲ್ಲಿ ತಲೆ ಕಾಯಿತು! ಪಂದ್ಯದವರಿಗೆ ಬುದ್ಧಿ ಬಂದರೂ ದಾರಿಯವರಿಗೆ ಬರಲಿಲ್ಲ. 1935ರಲ್ಲಿ ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಲೇಖಕ ಟಿ. ಇ. ಲಾರೆನ್ಸ್, ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಬ್ರೋ ಸುಪೀರಿಯರ್ ಗಾಡಿಯಿಂದ ಬಿದ್ದ. ತಲೆಗೆ ಏನೂ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ಶಸ್ತ್ರವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಸೇನೆಯ ಮೋಟಾರು ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಭ್ಯಸಿಸಿ 1941ರಲ್ಲಿ ಪ್ರಕಟಿಸಿದ ಲೇಖನ ಹೆಲ್ಮೆಟ್ಟಿನ ಪ್ರಯೋಜನವನ್ನು ತೋರಿಸಿಕೊಟ್ಟಿತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ಇಬ್ಬಗಾಲಿ ಗಾಡಿಯವರು.

ಪಂದ್ಯದಲ್ಲಿ ಬೀಳುವುದಕ್ಕೆ ಎರಡು ಬಗೆ. ತಿರುವಿನಲ್ಲಿ ಗಾಲಿ ಜಾರಿ ಗಾಡಿಯೊಡನೆ ನೆಲಕ್ಕೆ ಒರಗುವುದು ಒಂದು, ಇದು ಸೌಮ್ಯವಾದದ್ದು. ಇನ್ನೊಂದರಲ್ಲಿ ಜಾರುತ್ತಿದ್ದ ಹಿಂದಿನ ಗಾಲಿ ತಟ್ಟನೆ ನೆಲವನ್ನು ಹಿಡಿದು, ಗೂಳಿ ಕೊಂಬಿನಿಂದ ಎತ್ತಿ ಎಸೆದಂತೆ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಹೈಸೈಡ್ ಎಂದು ಇದರ ಹೆಸರು. ವಿಚಿತ್ರವೆಂದರೆ ಇದು ನಿಧಾನದ ತಿರುವಿನಲ್ಲಿಯೂ ಆಗುತ್ತದೆ. ಕೊರಳೆಲುಬು, ಮಣಿಕಟ್ಟುಗಳು ಮುರಿಯುವುದು ಹೆಚ್ಚಾಗಿ ಇದರಿಂದಲೇ. ಇಟಲಿಯ ವೈದ್ಯ ಕ್ಲೌಡಿಯೊ ಕೋಸ್ಟಾ 1977ರಲ್ಲಿ ಪಂದ್ಯದಿಂದ ಪಂದ್ಯಕ್ಕೆ ಹೋಗುವ ಸಂಚಾರಿ ಆಸ್ಪತ್ರೆಯನ್ನು ಆರಂಭಿಸಿದರು. 2018ರಿಂದ ವಿಶ್ವ ಪಂದ್ಯದ ಸವಾರರು ತೊಡುವ ಚರ್ಮದ ಉಡುಪಿನೊಳಗೆ ಗಾಳಿಚೀಲ ಕಡ್ಡಾಯ. ಸವಾರ ನೆಲ ಮುಟ್ಟುವುದರೊಳಗೆ ಅದು ಉಬ್ಬಿ ಭುಜವನ್ನೂ ಎದೆಯನ್ನೂ ಕಾಯುತ್ತದೆ.

ಇಷ್ಟೆಲ್ಲ ಆದ ಮೇಲೂ ಉಳಿದಿರುವ ಸಾವು ಒಂದಿದೆ. ಬಿದ್ದವನು ಬಯಲಿಗೆ ಜಾರದೆ ದಾರಿಯಲ್ಲಿಯೇ ಉಳಿದರೆ ಹಿಂದಿನವನ ಗಾಲಿ ಅವನ ಮೇಲೆ ಬರುತ್ತದೆ. 2010ರಲ್ಲಿ ಶೋಯಾ ಟೊಮಿಜಾವಾ, 2011ರಲ್ಲಿ ಮಾರ್ಕೊ ಸಿಮೊನ್ಚೆಲ್ಲಿ ಸತ್ತದ್ದು ಹೀಗೆ. ಇದಕ್ಕೆ ಗರಸು, ಗಾಳಿಚೀಲ ಯಾವುದೂ ಮದ್ದಲ್ಲ. 2021ರಲ್ಲಿ ಸ್ಪೇನಿನಲ್ಲಿ 14 ವರ್ಷದ ಹ್ಯೂಗೊ ಮಿಲ್ಯಾನ್, 15 ವರ್ಷದ ಡೀನ್ ಬೆರ್ತಾ ವಿನ್ಯಾಲೆಸ್ ಇದೇ ಬಗೆಯಲ್ಲಿ ತೀರಿಕೊಂಡಾಗ, ಅಂತರರಾಷ್ಟ್ರೀಯ ಒಕ್ಕೂಟ ಗ್ರ್ಯಾಂಡ್ ಪ್ರಿ ಪಂದ್ಯಗಳ ಕನಿಷ್ಠ ವಯಸ್ಸನ್ನು, ಕೆಲವು ವಿನಾಯಿತಿಗಳೊಡನೆ, 2023ರಿಂದ 18ಕ್ಕೆ ಏರಿಸಿತು.

ನಮ್ಮ ನಾಡಿನವರ ಮಾತಿಗೆ ಬರುತ್ತೇನೆ. ದಕ್ಷಿಣ ಭಾರತದಲ್ಲಿ ಈ ಪಂದ್ಯ ಬೇರೂರಿದ್ದು ಮದರಾಸಿನ ಹತ್ತಿರದ ಶೋಳಾವರಮ್‌ನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯ ಮೇಲೆ. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಕಟ್ಟಿದ ಪಥ ಬಂದಿತು. ಕನ್ನಡ ನಾಡಿನ ಸವಾರರು ಅಲ್ಲಿಂದಾಚೆ ಮರಳುಗಾಡಿಗೂ ಹೋದರು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು, ವೈದ್ಯರು ಅವರನ್ನು ಔಷಧದಿಂದ ಪ್ರಜ್ಞೆ ತಪ್ಪಿಸಿ ಇರಿಸಬೇಕಾಯಿತು; ಬದುಕಿ ಮರಳಿದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನಲ್ಲಿ ಬಿದ್ದಾಗ ಮೇದೋಜೀರಕ ಗ್ರಂಥಿಯೇ ಸೀಳಿತ್ತು. ಮರುವರ್ಷ ಅವರು ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಇವರಿಬ್ಬರೂ ಬೆಳೆದವರು, ಬಲ್ಲವರು. ಅಪಾಯವನ್ನು ಅಳೆದು ಒಪ್ಪಿಕೊಂಡವರು. ಅವರ ಧೈರ್ಯಕ್ಕೆ ನನ್ನ ನಮಸ್ಕಾರವಿದೆ.

ಕಂಬಳ, ಎತ್ತಿನ ಗಾಡಿಯ ಓಟಗಳಿಗಾಗಿ ನಮ್ಮ ರಾಜ್ಯ 2017ರಲ್ಲಿ ಕಾನೂನು ಮಾಡಿತು. ಓಡುವ ಪ್ರಾಣಿಗೆ ಎಷ್ಟು ನೋವಾಗಬಹುದು, ಅದು ತಾನಾಗಿ ಒಪ್ಪಿ ಓಡುತ್ತದೆಯೆ ಎಂಬುದೆಲ್ಲ ಚರ್ಚೆಯಾಗಿ, 2023ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟ್ 5ರಂದು ಮದರಾಸಿನ ಆ ಪಥದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಕಿರಿಯರ ಪಂದ್ಯವಿತ್ತು. ಬೆಂಗಳೂರಿನ ಶ್ರೇಯಸ್ ಹರೀಶ್ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಪಂದ್ಯ ಆರಂಭವಾದೊಡನೆ ಮೊದಲ ತಿರುವಿನಿಂದ ಹೊರಬರುವಾಗ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಹತ್ತು ದಿನಗಳ ಹಿಂದೆಯಷ್ಟೇ ಅವನಿಗೆ 13 ವರ್ಷ ತುಂಬಿತ್ತು. ಆ ವಾರದ ಉಳಿದ ಪಂದ್ಯಗಳನ್ನು ರದ್ದುಮಾಡಿದರು. ಏಳು ವಾರಗಳ ತರುವಾಯ ದೆಹಲಿಯ ಸಮೀಪದ ಗ್ರೇಟರ್ ನೋಯ್ಡಾದಲ್ಲಿ, 18ರ ನಿಯಮ ಜಾರಿಯಲ್ಲಿದ್ದ ವಿಶ್ವ ಚಾಂಪಿಯನ್‌ಶಿಪ್ಪಿನ ಸವಾರರು ಭಾರತದ ನೆಲದ ಮೇಲೆ ಮೊದಲ ಬಾರಿಗೆ ಓಡಿದರು.