ಒಲೆಯ ಮುಂದೆ ಯಾರು, ಟೇಬಲ್ ಬಳಿ ಯಾರು

ಉಡುಪಿ ಜಿಲ್ಲೆಯ ಉತ್ತರದ ತುದಿಯಲ್ಲಿ, ಭಟ್ಕಳ ತಾಲ್ಲೂಕಿಗೆ ತಾಗಿಕೊಂಡಿರುವ ಊರು ಶಿರೂರು. ಇಲ್ಲಿಂದ ಉಡುಪಿಯ ಕೃಷ್ಣಮಠಕ್ಕೆ ಸುಮಾರು 70 ಕಿಲೋಮೀಟರ್ ದಾರಿ. ಆದರೂ ಶಿರೂರು, ಬೈಂದೂರು, ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಹೋದ ಹುಡುಗ ಬೆಂಗಳೂರಿನ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ ದಿನವೇ ‘ಉಡುಪಿ ಮಾಣಿ’ ಆಗಿಬಿಡುತ್ತಿದ್ದ. ಗಿರಾಕಿಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು. ಧಣಿಗೆ ಸಾಕಾಗುತ್ತಿರಲಿಲ್ಲ. ಯಾವ ಮನೆಯವನು, ಯಾವ ಜಾತಿಯವನು, ಯಾರ ಮಾತಿನ ಮೇಲೆ ಬಂದವನು ಎಂಬುದನ್ನು ತಿಳಿದುಕೊಂಡ ಮೇಲೆಯೇ ಅವನನ್ನು ಒಲೆಯ ಬಳಿ ಬಿಡುವುದೋ, ಟೇಬಲ್ ಒರೆಸಲು ಹಚ್ಚುವುದೋ ಎಂಬುದು ತೀರ್ಮಾನವಾಗುತ್ತಿತ್ತು.

ಈ ತೀರ್ಮಾನದ ಜಾಡು ಹಿಡಿದು ಹೊರಟವರು ಅರ್ಥಶಾಸ್ತ್ರಜ್ಞ ವೇಗಾರ್ಡ್ ಇವರ್ಸನ್ ಮತ್ತು ಪಿ.ಎಸ್. ರಾಘವೇಂದ್ರ. ದಕ್ಷಿಣ ಭಾರತದ ಸಣ್ಣ ಹೋಟೆಲುಗಳಲ್ಲಿ ಅನ್ನಕ್ಕೂ ಜಾತಿಗೂ ಕೆಲಸಕ್ಕೂ ಇರುವ ನಂಟನ್ನು ಕುರಿತು ಅವರು ಬರೆದ ಪ್ರಬಂಧ 2006ರಲ್ಲಿ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’ ಪತ್ರಿಕೆಯಲ್ಲಿ ಬಂತು. ಬೋರ್ಡು ಏನನ್ನು ಮರೆಮಾಡುತ್ತದೆ ಎಂಬುದು ಅದರ ತಲೆಬರಹದಲ್ಲೇ ಇರುವ ಪ್ರಶ್ನೆ. ಅಂಕಿಅಂಶದ ಮೇಜು ಬಿಟ್ಟು ಹೋಟೆಲಿನ ಚರಿತ್ರೆಯನ್ನೂ ಕ್ಷೇತ್ರಕಾರ್ಯವನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಆ ಪ್ರಬಂಧದ ಹೆಚ್ಚುಗಾರಿಕೆ.

ಆ ಹೊತ್ತಿಗೆ ಹೊರಜಗತ್ತಿನ ಅರ್ಥಶಾಸ್ತ್ರಜ್ಞರೂ ಇಂಥದೇ ಪ್ರಶ್ನೆಗೆ ಬಂದು ತಲುಪಿದ್ದರು. ಜಾರ್ಜ್ ಅಕರ್‌ಲಾಫ್ ಮತ್ತು ರೇಚೆಲ್ ಕ್ರಾಂಟನ್ 2000ದಲ್ಲಿ ಒಂದು ಪ್ರಬಂಧ, 2005ರಲ್ಲಿ ಇನ್ನೊಂದು ಪ್ರಬಂಧ ಬರೆದು, ಮನುಷ್ಯ ಸಂಬಳಕ್ಕಾಗಿ ಮಾತ್ರ ದುಡಿಯುವುದಿಲ್ಲ, ತಾನು ಯಾರು ಎಂದು ತಿಳಿದಿದ್ದಾನೋ ಅದಕ್ಕೆ ತಕ್ಕಂತೆ ದುಡಿಯುತ್ತಾನೆ ಎಂದು ವಾದಿಸಿದರು. ಸಂಸ್ಥೆ ತನ್ನದು ಎಂದುಕೊಂಡವನ ಕೆಲಸವೇ ಬೇರೆ, ಹೊರಗಿನವನಾಗಿ ಉಳಿದವನ ಕೆಲಸವೇ ಬೇರೆ. ಕರಾವಳಿಯ ಹೋಟೆಲಿನಲ್ಲಿ ಇದಕ್ಕೆ ಇನ್ನೊಂದು ಪದರವಿತ್ತು. ಇಲ್ಲಿ ನೀನು ಯಾರು ಎಂಬುದನ್ನು ನಿನಗಿಂತ ಮೊದಲು ಉಳಿದವರು ನಿಶ್ಚಯಿಸಿ ಇಟ್ಟಿರುತ್ತಿದ್ದರು.

ಬೋರ್ಡುಗಳ ಚರಿತ್ರೆಯಿಂದಲೇ ಶುರುಮಾಡಬಹುದು. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು ಮೊದಲು ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದವರು. 1924ರಲ್ಲಿ ಅವರು ಲಾಲ್‌ಬಾಗ್ ಬಳಿ ತೆರೆದ ಹೋಟೆಲಿನ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಮನೆಯ ಹೊರಗೆ ಉಣ್ಣಲು ಹಿಂಜರಿಯುತ್ತಿದ್ದ ಕಾಲದಲ್ಲಿ ಆ ಹೆಸರು ಗಿರಾಕಿಗೆ ಕೊಟ್ಟ ಭರವಸೆ: ಒಳಗೆ ಒಲೆಯ ಮುಂದೆ ನಿಂತವನು ಇಂಥವನೇ. ಮುಂದೆ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದರು. ಅಲ್ಲಿನ ಹೋಟೆಲುಗಳ ಶುಚಿತ್ವ ಅವರನ್ನು ಗಾಢವಾಗಿ ತಟ್ಟಿತು. ಪಾತ್ರೆಗಳನ್ನು ಹಬೆಯಲ್ಲಿ ಕಾಯಿಸುವ ಪದ್ಧತಿ ತಂದರು, ಗಿರಾಕಿ ಅಡುಗೆಮನೆಯನ್ನು ಕಣ್ಣಾರೆ ನೋಡಲಿ ಎಂದರು. ಹೋಟೆಲು ಮಾವಳ್ಳಿ ಟಿಫನ್ ರೂಮ್ಸ್ ಆಯಿತು. ಮಡಿಯ ಜಾಗಕ್ಕೆ ಶುಚಿ ಬಂದದ್ದು ಸಣ್ಣ ಬದಲಾವಣೆಯೇನಲ್ಲ. ಮಡಿಯನ್ನು ಹುಟ್ಟಿನಿಂದ ತರಬೇಕು, ಶುಚಿಯನ್ನು ಯಾರು ಬೇಕಾದರೂ ಕಲಿಯಬಹುದು.

ಕೋಟದವರೇ ಆದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಈ ವಲಸೆಯ ಊರ ಕಡೆಯ ಮುಖವನ್ನು ಬರೆದರು. ಶೀನ ಮಯ್ಯನ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಾರೆ, ಆ ಹಣ ಊರಿಗೆ ಹರಿಯುತ್ತದೆ. ಹಣ ಬಂದ ಮನೆಗೂ ಬಾರದ ಮನೆಗೂ ನಡುವೆ ಬೆಳೆಯುವ ಅಂತರವನ್ನು ಅಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಹೋಟೆಲಿನ ಒಳಗಿನ ದಿನ ಬೆಳಕು ಹರಿಯುವ ಮೊದಲೇ ಶುರುವಾಗುತ್ತಿತ್ತು. ಹಿತ್ತಿಲ ಕಡೆ ರುಬ್ಬುವ ಕಲ್ಲು, ಅದರ ಪಕ್ಕ ನೆನೆದ ಉದ್ದು, ಒಲೆಗೆ ಸೌದೆ. ಒಲೆ ಭಟ್ಟರದು. ಉಗ್ರಾಣದ ಬೀಗ, ಗಲ್ಲಾಪೆಟ್ಟಿಗೆ ಧಣಿಯ ನೆಂಟರದು. ಊರಿಂದ ಹೊಸದಾಗಿ ಬಂದ ಹುಡುಗ ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಕ್ಲೀನರ್ ಆಗುತ್ತಿದ್ದ. ಕೆಲವು ವರ್ಷ ಕಳೆದರೆ ಸಪ್ಲೈಯರ್: ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು, ಅಂದಿನ ತಿಂಡಿಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿ, ಬಿಲ್ಲಿನ ಮೊತ್ತವನ್ನು ಗಲ್ಲಾದ ಕಡೆ ಕೂಗುವವನು. ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲ್‌ಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದ. ಕ್ಲೀನರ್‌ನಿಂದ ಸಪ್ಲೈಯರ್‌ವರೆಗೆ ಏಣಿ ಇತ್ತು. ಸಪ್ಲೈಯರ್‌ನಿಂದ ಒಲೆಯವರೆಗೆ ಬಹಳ ಕಾಲ ಇರಲಿಲ್ಲ.

ದುಡಿಮೆಯ ಈ ಪರಿಸ್ಥಿತಿಯೇ ಹತ್ತೊಂಬತ್ತರ ಹರೆಯದ ಜಾರ್ಜ್ ಫೆರ್ನಾಂಡಿಸ್ ಅವರನ್ನು 1949ರಲ್ಲಿ ಮಂಗಳೂರಿನ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರ ನಡುವೆ ಎಳೆದು ತಂದದ್ದು. ಮುಂದೆ ಅವರು ಕಟ್ಟಿದ ಮುಂಬೈ ಕಾರ್ಮಿಕ ಚಳವಳಿಗೆ ಇದು ಪೀಠಿಕೆ. ಮುಂಬೈಯಲ್ಲಿ ಹೋಟೆಲ್ ಹುಡುಗರಿಗೆ ಇನ್ನೊಂದು ಬಾಗಿಲೂ ತೆರೆದಿತ್ತು: ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಕರಾವಳಿಯ ಸಂಸ್ಥೆಗಳು ಅವನ್ನು ನಡೆಸಿದವು. ಹಗಲೆಲ್ಲ ತಟ್ಟೆ ಎತ್ತಿದ ಕೈಗಳು ರಾತ್ರಿ ಕನ್ನಡದಲ್ಲಿ ಲೆಕ್ಕ ಬರೆದವು. ಬ್ಯಾಂಕು, ಕಚೇರಿ, ಸ್ವಂತ ಹೋಟೆಲು ಎಂದು ಅಲ್ಲಿಂದ ಮೇಲೆದ್ದವರು ಅನೇಕ. ಕರಾವಳಿಯ ಚರಿತ್ರೆಯಲ್ಲಿ ಈ ಶಾಲೆಗಳಿಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಕಾನೂನು ಮೊದಲು ತೆರೆದದ್ದು ಮುಂಬಾಗಿಲನ್ನು. ಸಂವಿಧಾನದ 15ನೆಯ ವಿಧಿ ಹೋಟೆಲುಗಳ ಹೆಸರನ್ನೇ ಎತ್ತಿ ಹೇಳಿ, ಜಾತಿಯ ಕಾರಣಕ್ಕೆ ಯಾರನ್ನೂ ಒಳಗೆ ಬಿಡದೆ ಇರುವಂತಿಲ್ಲ ಎಂದಿತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಸೇರಿಸಿತು. 1957ರಲ್ಲಿ ಮದ್ರಾಸಿನ ತಿರುವಲ್ಲಿಕೇಣಿಯ ಮುರಳಿ ಬ್ರಾಹ್ಮಣರ ಹೋಟೆಲಿನ ಎದುರು ಪೆರಿಯಾರ್ ಚಳವಳಿ ಹೂಡಿದ್ದು ಬೋರ್ಡಿನ ಮೇಲಿದ್ದ ಆ ಒಂದು ಪದವನ್ನು ಅಳಿಸುವುದಕ್ಕಾಗಿ.

ಒಳಬಾಗಿಲಿನ ಕಥೆ ಬೇರೆ. 1955ರ ಕಾಯ್ದೆಯ ನಾಲ್ಕನೆಯ ಕಲಮಿನಲ್ಲಿ ವೃತ್ತಿ, ಕಸುಬು, ವ್ಯಾಪಾರಗಳ ಹೆಸರಿತ್ತು. ‘ಯಾವುದೇ ಕೆಲಸದಲ್ಲಿ ನೇಮಕ’ ಎಂಬ ಮಾತು ಅದರೊಳಕ್ಕೆ ಸೇರಿದ್ದು 1976ರ ತಿದ್ದುಪಡಿಯಲ್ಲಿ, ಅದೇ ಕಾಯ್ದೆಗೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂಬ ಹೊಸ ಹೆಸರು ಬಂದಾಗ. ಕುಳಿತು ಉಣ್ಣುವವನ ಹಕ್ಕಿಗೂ ಅದೇ ಹೋಟೆಲಿನಲ್ಲಿ ಬೇಯಿಸಲು ಬಂದವನ ಹಕ್ಕಿಗೂ ನಡುವೆ ಎರಡು ದಶಕದ ಅಂತರ! ಇವರ್ಸನ್ ಮತ್ತು ರಾಘವೇಂದ್ರ 2006ರಲ್ಲೂ ಈ ಪ್ರಶ್ನೆ ಕೇಳಬೇಕಾಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಕಾಯ್ದೆಗಿಂತ ಹೆಚ್ಚಿನದನ್ನು ವ್ಯಾಪಾರ ಮಾಡಿತೇನೋ. ಬಂಟರು, ಮೊಗವೀರರು, ಬಿಲ್ಲವರು ಹೋಟೆಲು ತೆರೆದು ತಾವೇ ಧಣಿಗಳಾದರು. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ದರ್ಶಿನಿಗಳು ಬಂದವು: ನಿಂತೇ ತಿನ್ನುವುದು, ಸಪ್ಲೈಯರ್ ಇಲ್ಲ, ದೋಸೆ ಕಾವಲಿ ಗಿರಾಕಿಯ ಕಣ್ಣೆದುರು. ದೋಸೆ ಹುಯ್ಯುವವನು ಎಲ್ಲರಿಗೂ ಕಾಣುತ್ತಾನೆ, ಅವನ ಜಾತಿ ಯಾರಿಗೂ ಕಾಣುವುದಿಲ್ಲ.

2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾ, ಚಹಾದಂಗಡಿಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. ಲೋಟ ತೊಳೆಯುತ್ತಾ ಹೋಟೆಲು ಕಲಿತ ಹುಡುಗರ ಹಳೆಯ ದಾರಿ ಹಾಗೆ ಮುಚ್ಚಿದ್ದು ಒಳ್ಳೆಯದೇ ಆಯಿತು. ಈಗ ಕುಂದಾಪುರ, ಬೈಂದೂರು ಕಡೆಯ ಮಕ್ಕಳು ಓದುತ್ತಾರೆ, ಕೊಲ್ಲಿ ದೇಶಗಳಿಗೋ ಬೆಂಗಳೂರಿನ ಕಂಪನಿಗಳಿಗೋ ಹೋಗುತ್ತಾರೆ. ಕರಾವಳಿಯ ಹೋಟೆಲುಗಳಲ್ಲಿ ತಟ್ಟೆ ಎತ್ತುವವರು, ಹಿಟ್ಟು ರುಬ್ಬುವವರು ಅಸ್ಸಾಮು, ಒಡಿಶಾ, ನೇಪಾಳದ ಕಡೆಯಿಂದ ಬಂದವರು. ಊರ ಗಿರಾಕಿ ಅವರನ್ನೆಲ್ಲ ಒಟ್ಟಾಗಿ ‘ಹಿಂದಿಯವರು’ ಎನ್ನುತ್ತಾನೆ, ಬೆಂಗಳೂರು ಒಂದು ಕಾಲಕ್ಕೆ ಶಿರೂರಿನ ಹುಡುಗನನ್ನು ಉಡುಪಿಯವನು ಎಂದ ಹಾಗೆ. ಅವರ ಸಂಬಳ, ಮಲಗುವ ಜಾಗ, ರಜೆ, ಓದು ಇವುಗಳ ಬಗ್ಗೆ ಈಗ ಕೇಳಬೇಕಾದವರು ಆ ಹಳೆಯ ಮಾಣಿಗಳ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಎಷ್ಟೋ ಮಂದಿ ಇಂದು ಅದೇ ಹೋಟೆಲುಗಳ ಧಣಿಗಳೂ ಹೌದು.